ಒಂದೇ ಅಂಗಳದಲ್ಲಿ ಎರಡು ಹೊಗೆ

ಹಿಂದೂಪುರದಲ್ಲಿ ಬಸ್ಸಿಳಿದು ಮಂಡಿಯ ಕಡೆ ತಿರುಗಿದ್ದೇ ತಡ, ಬಾಯಲ್ಲಿ ನೀರೂರಿತು. ತಿನ್ನಲು ಏನೂ ಇರಲಿಲ್ಲ. ಹುಳಿ ಗಾಳಿಯಲ್ಲೇ ಇತ್ತು. ಹುಣಸೆಹಣ್ಣನ್ನು ಆಳೆತ್ತರ ಗುಡ್ಡೆ ಹಾಕಿದ್ದರು. ಅದರ ಮೇಲೆ ಒಬ್ಬ ಗಂಡಸು ಚಪ್ಪಲಿ ಕಾಲಲ್ಲೇ ನಿಂತು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ನಮ್ಮ ಕಡೆ ತಿನ್ನುವ ಪದಾರ್ಥಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಇಲ್ಲಿ ಅದರ ಮೇಲೆ ನಿಂತು ವ್ಯಾಪಾರ ಮಾಡುತ್ತಾರೆ. ಗುಡ್ಡೆಯ ಬುಡದಲ್ಲಿ ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನನ್ನ ಮಗಳು ರತ್ನ ಆ ಸಾಲಿನಲ್ಲಿ ಒಂದು ಖಾಲಿ ಜಾಗ ತೋರಿಸಿ, "ನಾಳೆಯಿಂದ ನೀನು ಅಲ್ಲಿ" ಎಂದಳು. ಬಂದೆಯಾ, ಊಟ ಆಯಿತಾ ಎಂದು ಕೇಳಲಿಲ್ಲ.

ಸೆಟ್ಟೂರಿನ ಕಡೆಯಿಂದ ಕುರಿ ಮಾರಿ ಬಂದವಳು ನಾನು. ರತ್ನ ಗಂಡನನ್ನು ಬಿಟ್ಟು ಮೊದಲೇ ಬಂದಿದ್ದಳು. ಅವಳ ಮಗಳು ಮಂಜುಳ ಇಲ್ಲೇ ಇಂಟರ್ ಓದುತ್ತಿದ್ದಳು, ಕರ್ನಾಟಕದವರು ಪಿಯುಸಿ ಎನ್ನುತ್ತಾರಲ್ಲ ಅದು. ನಾವು ಮೂವರೂ ಇದ್ದದ್ದು ಒಂದು ರೇಕುಲ ಷೆಡ್ಡಿನಲ್ಲಿ. ಲಕ್ಷ್ಮೀದೇವಮ್ಮ ಎಂಬವಳ ಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿದ ತಗಡಿನ ಮಾಡು ಅದು. ಊರಲ್ಲಿ ನಮ್ಮ ಕುರಿಗಳಿಗೆ ಇದಕ್ಕಿಂತ ಅಗಲ ಜಾಗ ಇತ್ತು. ಕದ ಇರಲಿಲ್ಲ, ಸೀರೆ ಇಳಿಬಿಟ್ಟಿದ್ದೆವು. ಸ್ನಾನವೂ ಸೀರೆಯ ಮರೆಯಲ್ಲೇ. ಅದರಾಚೆ ಆಟೋ ನಿಲ್ಲುವ ರಸ್ತೆ.

ಹದಿನೆಂಟು ತುಂಬಿದ ಮಂಜುಳನಿಗೆ ಅದೇ ದೊಡ್ಡ ಕಷ್ಟ. ಆಟೋದವರು ಅವಳ ಹೆಸರು ಹಿಡಿದು ಹಾಡು ಕಟ್ಟಿದ್ದರು. ರತ್ನ ಒಂದು ದಿನ ಕೈಯಲ್ಲಿದ್ದ ಸೌಟು ನೆಲಕ್ಕೆ ಕುಕ್ಕಿ ಹೇಳಿದಳು: "ಈ ವರ್ಸ ಕದ ಇರೋ ಒಂದು ರೂಮು ಸಿಕ್ಕಿದ್ರೆ ಓದ್ಸ್ತೀನಿ. ಇಲ್ದಿದ್ರೆ ಗೋರಂಟ್ಲದೋರು ಕೇಳ್ತಾವ್ರೆ, ಹೂಂ ಅಂದ್ಬುಡ್ತೀನಿ."

"ಆ ಗಂಡಿಗೆ ನನ್ನ ವಯಸ್ಸು ಕಣೇ" ಎಂದೆ.

"ನಿನ್ನ ವಯಸ್ಸಾದ್ರೇನು, ಅವನ ಮನೆಗೆ ಕದ ಐತೆ."

ಮಂಜುಳ ಪುಸ್ತಕದಿಂದ ತಲೆ ಎತ್ತಲಿಲ್ಲ. ಹಾಳೆಯನ್ನೂ ತಿರುವಲಿಲ್ಲ.

ಆ ಹೊತ್ತಿಗೇ ಬಡತನ ತಗ್ಗಿಸುವ ಯೋಜನೆಯವರು ನಮ್ಮ ಕಾಲೋನಿಗೆ ಬಂದದ್ದು. ಇಲ್ಲಿಂದ ಕಲ್ಯಾಣದುರ್ಗದ ತನಕ ಊರೂರಲ್ಲೂ ಜನರನ್ನೇ ಕೇಳಿ ಯೋಜನೆ ಮಾಡುತ್ತಾರಂತೆ. ಯಾರು ಎಲ್ಲರಿಗಿಂತ ಬಡವರು ಎಂದು ಜನರೇ ಹೇಳಬೇಕು, ಅವರಿಗೆ ಮೊದಲು ಮನೆ. ಕೊರಳಲ್ಲಿ ಕಾರ್ಡು ಹಾಕಿಕೊಂಡ ಒಬ್ಬ ಮೇಡಂ ಮೈಕು ಹಿಡಿದು, "ಮೀ ಪೇದರಿಕಂ ಮೀರೇ ಚೆಪ್ಪಾಲಿ" ಎಂದಳು. ನಿಮ್ಮ ಬಡತನ ನೀವೇ ಹೇಳಬೇಕು ಅಂತ. ಊರಲ್ಲಿ ನಮ್ಮ ಕಷ್ಟ ನಾವೇ ಹೇಳಿಕೊಂಡರೆ ನಾಚಿಕೆಗೆಟ್ಟವಳು ಎನ್ನುತ್ತಾರೆ. ಇಲ್ಲಿ ಅದಕ್ಕೆ ಮೈಕು ಕೊಡುತ್ತಾರೆ.

ಬಡವರನ್ನು ಆರಿಸುವ ಸಭೆಗೆ ಮುಂಚೆ ಮನೆಮನೆ ನೋಡಲು ಬಂದರು. ಲಕ್ಷ್ಮೀದೇವಮ್ಮನ ಅಂಗಳಕ್ಕೆ ಕಾಲಿಡುವ ಹೊತ್ತಿಗೆ ನಾನು ನಮ್ಮ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದೆ. ಅವರನ್ನು ಕಂಡಕೂಡಲೇ ಕೊಳ್ಳಿ ಹಿರಿದು ನೀರು ಚಿಮುಕಿಸಿ ಒಲೆ ಆರಿಸಿದೆ. ಪಾತ್ರೆ ಎತ್ತಿಕೊಂಡು ಹೋಗಿ ಲಕ್ಷ್ಮೀದೇವಮ್ಮನ ಒಲೆಯ ಮೇಲಿಟ್ಟೆ. ನಮ್ಮ ಕಡೆ ಹಾಗೆಯೇ. ಯಾರ ನೆರಳಲ್ಲಿ ಇದ್ದೇವೋ ಅವರ ಮನೆಗೆ ಹೊರಗಿನವರು ಬಂದಾಗ ನಮ್ಮ ಒಲೆ ಉರಿಯಬಾರದು. ಒಂದೇ ಅಂಗಳದಲ್ಲಿ ಎರಡು ಹೊಗೆ ಕಂಡರೆ, ಈ ಮನೆಯಲ್ಲಿ ಜಗಳ ಇದೆ ಎಂದುಕೊಂಡು ಬಂದವರು ನೀರೂ ಕುಡಿಯದೆ ಹೋಗುತ್ತಾರೆ. ಆಮೇಲೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಲಕ್ಷ್ಮೀದೇವಮ್ಮನ ಮರ್ಯಾದೆ ಕಾಪಾಡಿದೆ ಅಂದುಕೊಂಡೆ. ಅವಳೂ ಬೇಡ ಅನ್ನಲಿಲ್ಲ. ಒಲೆಯ ಮುಂದೆ ಸರಿದು ಜಾಗ ಕೊಟ್ಟಳು. ಮೇಡಂ ಇಣುಕಿ ನೋಡಿ, ಟೀ ಕುಡಿದು ಹೋದಳು.

ಸಭೆಯ ದಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಕಾಲೋನಿಯನ್ನೇ ಬಿಡಿಸಿದ್ದರು. ಮನೆಗೊಂದು ಚೌಕ, ಚೌಕದೊಳಗೆ ತಲೆಗೊಂದು ಹುಣಸೆ ಬೀಜ. ನಾನು ಬಗ್ಗಿ ಹುಡುಕಿದೆ. ಲಕ್ಷ್ಮೀದೇವಮ್ಮನ ಮನೆಯಲ್ಲಿರುವುದು ನಾಲ್ಕು ಜನ. ಅವಳ ಚೌಕದಲ್ಲಿ ಏಳು ಬೀಜ ಇದ್ದವು. ನಮಗೆ ಚೌಕವೇ ಇರಲಿಲ್ಲ.

ಮೂರು ಬೀಜ ಆರಿಸಿ ಕೈಯಲ್ಲಿ ಹಿಡಿದು, "ಇವು ನಮ್ಮವು ಕಣಮ್ಮ. ನಮ್ದು ಬೇರೆ ಮನೆ, ಒಂದು ಗೀಟು ಎಳೀರಿ" ಎಂದೆ.

"ನಾನೇ ನೋಡಿದ್ನಲ್ಲ ಅಜ್ಜಿ, ಒಂದೇ ಒಲೆ" ಎಂದಳು ಮೇಡಂ. ಅವಳಿಗೂ ಕನ್ನಡ ಬರುತ್ತಿತ್ತು. "ಒಲೆ ಒಂದೇ ಆದ್ರೆ ಕುಟುಂಬ ಒಂದೇ."

"ಅದು ನೀವು ಬಂದ್ರಿ ಅಂತ ಆರಿಸಿದ್ದು."

"ನಾವು ಬಂದ್ರೆ ಒಲೆ ಯಾಕೆ ಆರಿಸ್ತೀರಿ?"

ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಕಿವಿಗೇ ಹುಚ್ಚಿಯ ಮಾತಿನಂತೆ ಕೇಳಿಸಿತು. ಹಿಂದಿನಿಂದ ಒಬ್ಬಳು, "ಸೆಟ್ಟೂರು ಕಡೆಯೋರಿಗೆ ಬೇರೆ ಮನೆ ಯಾಕೆ ಬಿಡೇ, ಕುರಿ ಜೊತೆ ಮಲಗಿ ಅಭ್ಯಾಸ" ಎಂದಳು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಅಷ್ಟು ಓದಿದ್ದಳು. ಜನರ ಕಡೆ ತಿರುಗಿ, "ನೀವೇ ಹೇಳಿ, ಇವರದು ಬೇರೆ ಮನೆಯಾ?" ಎಂದು ಕೇಳಿದಳು.

ಯಾರೂ ಬಾಯಿ ಬಿಡಲಿಲ್ಲ. ನನ್ನ ಜೊತೆ ದಿನಾ ಬೀಜ ಬಿಡಿಸುವವರು ಎದುರಿಗೇ ಇದ್ದರು. ಒಂದೇ ಎಲೆಯಡಿಕೆ ಚೀಲಕ್ಕೆ ಕೈ ಹಾಕುವವರು. ಆಮೇಲೆ ಗೊತ್ತಾಯಿತು, ಅವರ ಗೋಡೆಗಳಿಗೂ ಒಂದೊಂದು ತಗಡಿನ ಮಾಡು ಒರಗಿತ್ತು, ಅದರೊಳಗಿನ ತಲೆಗಳೂ ಅವರವರ ಚೌಕದಲ್ಲೇ ಬಿದ್ದಿದ್ದವು. ನನಗೊಂದು ಗೀಟು ಎಳೆದರೆ ಎಲ್ಲರ ಚೌಕದಲ್ಲೂ ಎಳೆಯಬೇಕಾಗುತ್ತಿತ್ತು.

ಲಕ್ಷ್ಮೀದೇವಮ್ಮ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. "ಮಾ ಮನುಷುಲೇ ಮೇಡಂ" ಎಂದಳು. ನಮ್ಮವರೇ ಅಂತ. "ವಯಸ್ಸಾಗೈತೆ, ಏನೋ ಮಾತಾಡ್ತದೆ. ನಾವೇ ನೋಡ್ಕಂತಾ ಇದೀವಿ." ನನ್ನ ಅಂಗೈ ಬಿಡಿಸಿ ಮೂರು ಬೀಜ ತೆಗೆದುಕೊಂಡು ತನ್ನ ಚೌಕದಲ್ಲಿ ಮತ್ತೆ ಇಟ್ಟಳು. ಬಾಡಿಗೆ ಕೇಳಲು ಬರುವಾಗ ಅವಳು ನಮ್ಮನ್ನು ಯಾವತ್ತೂ ನಮ್ಮವರು ಅಂದಿರಲಿಲ್ಲ.

ಒಂದೇ ಸೂರಿನಡಿ ಏಳು ಜನ, ಒಂದೇ ಒಲೆ. ಕಾಲೋನಿಯಲ್ಲಿ ಅವಳಷ್ಟು ಬಡವಳು ಇನ್ನೊಬ್ಬಳಿಲ್ಲ ಎಂದು ಎಲ್ಲರೂ ಕೈ ಎತ್ತಿದರು. ಮೇಡಂ ಚಪ್ಪಾಳೆ ತಟ್ಟಿದಳು.

ಅವಳಿಗೆ ಮನೆ ಮಂಜೂರಾಯಿತು. ಹೊಸ ಕೋಣೆ ಏಳಬೇಕಾದದ್ದು ನಮ್ಮ ತಗಡಿನ ಮಾಡು ಇದ್ದ ಜಾಗದಲ್ಲೇ. ಲಕ್ಷ್ಮೀದೇವಮ್ಮ ಸಿಹಿ ಹಿಡಿದುಕೊಂಡು ಬಂದು, "ಪೆದ್ದಮ್ಮ, ಹದಿನೈದು ದಿನದಲ್ಲಿ ಖಾಲಿ ಮಾಡ್ಬೇಕು ನೋಡು" ಎಂದಳು.

"ನಾವು ನಿಮ್ಮೋರು ಅಂದ್ಯಲ್ಲೇ?"

"ಅಂದಿದ್ದು ಸಭೆಯಾಗೆ. ನೀನೂ ಒಲೆ ಆರಿಸ್ದೆ, ನಾನೇನು ಆರಿಸು ಅಂದಿದ್ನಾ?"

ಅವಳ ಮೇಲೆ ನನಗೆ ಬಹಳ ದಿನ ಸಿಟ್ಟು ನಿಲ್ಲಲಿಲ್ಲ. ಅವಳಿಗೂ ಬೆಳೆದ ಹೆಣ್ಣುಮಕ್ಕಳು ಇಬ್ಬರು. ಕದ ಒಂದೇ ಬಂದದ್ದು, ಅವಳ ಕೈಗೆ ಸಿಕ್ಕಿತು.

ರತ್ನ ಅವತ್ತೇ ಗೋರಂಟ್ಲಕ್ಕೆ ಫೋನು ಮಾಡಿದಳು. ನಾನು ಅಡ್ಡ ಬಂದೆ. "ಓದೋ ಹುಡುಗಿ ಕಣೇ, ಇನ್ನೊಂದು ಪರೀಕ್ಷೆ ಐತೆ" ಎಂದೆ.

"ನೀನು ಮಾತಾಡ್ಬೇಡಮ್ಮ. ಲಕ್ಷ್ಮೀದೇವಮ್ಮನ ಮರ್ಯಾದೆ ಕಾದ್ಯಲ್ಲ, ಸಾಕು."

ಮಂಜುಳನ ಮದುವೆ ಆಯಿತು. ಅವನಿಗೆ ಅದು ಎರಡನೆಯದು, ತಲೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದ. ಹೊರಡುವಾಗ ಹುಡುಗಿ ಅಳಲಿಲ್ಲ. ನನ್ನ ಹತ್ತಿರ ಬಂದು, "ಅಜ್ಜಿ, ಅಲ್ಲಿ ಬಚ್ಚಲುಮನೆ ದೊಡ್ಡದಂತೆ" ಎಂದು ಮಾತ್ರ ಹೇಳಿದಳು. ಪುಸ್ತಕಗಳನ್ನು ರತ್ನ ಹಳೆ ಕಾಗದದವನಿಗೆ ಹಾಕಿದಳು.

ಈಗ ನಾನೂ ರತ್ನನೂ ಇನ್ನೊಬ್ಬರ ಗೋಡೆಗೆ ಒರಗಿದ್ದೇವೆ. ಒಲೆ ಮುಟ್ಟಲು ಅವಳು ನನ್ನನ್ನು ಬಿಡುವುದಿಲ್ಲ.

ಮೊನ್ನೆ ಊರಿಗೆ ಹೋಗಿದ್ದೆ. ಇನ್ನು ಅಲ್ಲೇ ಇದ್ದುಬಿಡುತ್ತೇನೆ ಎಂದು ಬಟ್ಟೆ ಗಂಟು ಕಟ್ಟಿಕೊಂಡೇ ಹೋದೆ. ಅಲ್ಲೂ ಅದೇ ಯೋಜನೆಯ ಸಭೆ ಆಗಿ ಮುಗಿದಿತ್ತಂತೆ. ನನ್ನ ಹೆಸರು ಬಂದಾಗ, ಹಿಂದೂಪುರದಲ್ಲಿ ಮಗಳ ಜೊತೆ ಸುಖವಾಗಿದ್ದಾಳೆ, ಬಿಡಿ ಎಂದು ನನ್ನ ಮೈದುನನ ಸೊಸೆಯೇ ಹೇಳಿದಳಂತೆ. ಅವಳ ಮನೆಗೇ ಹೋದೆ. ಅವಳು ಹೊಸ ಚಾಪೆ ಹಾಸಿ, ಫಳಫಳ ತೊಳೆದ ಲೋಟದಲ್ಲಿ ನೀರು ತಂದುಕೊಟ್ಟು, "ಯಾವಾಗ ಬಂದ್ರಿ, ಯಾವಾಗ ಹೊರಡ್ತೀರಿ?" ಎಂದಳು. ನಾನು ಹುಟ್ಟಿ, ಹೆತ್ತು, ಕುರಿ ಕಾಯ್ದ ಊರಿನಲ್ಲಿ ನನಗೆ ನಂಟರಿಗೆ ಹಾಸುವ ಹಾಗೆ ಚಾಪೆ ಹಾಸಿದರು. ನೀರು ಕುಡಿದೆ. "ಸಂಜೆ ಬಸ್ಸಿಗೆ ಹೋಯ್ತೀನಿ ಕಣಮ್ಮ" ಎಂದೆ.

ಮಾರನೆಯ ದಿನ ಮಂಡಿಗೆ ಹೋದಾಗ ಯಾರೂ ಎಲ್ಲಿದ್ದೆ ಎಂದು ಕೇಳಲಿಲ್ಲ, ಬಾ ಎನ್ನಲೂ ಇಲ್ಲ. ಸಭೆಯಲ್ಲಿ ನಕ್ಕವಳೇ ಕುಟ್ಟುವುದನ್ನು ನಿಲ್ಲಿಸದೆ ಒಂದು ಗೇಣು ಸರಿದಳು. ಹೋಗಿ ಅಲ್ಲಿ ಕೂತೆ.