ಬುಡ್ಡೇಸಾಬನ ಚರಿಗೆ

ನಮ್ಮ ಕಡೆ, ಮುಂಜಾನೆ ನೀರಿನ ತಂಬಿಗೆ, ಅಂದರೆ ಚರಿಗೆ, ಹಿಡಿದು ಊರ ಹೊರಗೆ ಹೊರಟವನನ್ನು ಯಾರೂ ಮಾತನಾಡಿಸುವುದಿಲ್ಲ. ಖಾಸಾ ಬೀಗರೇ ಎದುರು ಬಂದರೂ ನಮಸ್ಕಾರವಿಲ್ಲ, “ಎಲ್ಲಿಗೆ ಹೊಂಟೀರಿ” ಇಲ್ಲ. ಎಲ್ಲಿಗೆಂದು ಚರಿಗೆಯೇ ಹೇಳಿರುತ್ತದೆ. ಗಂಡಸರು ಬೇವಿನ ಗಿಡದ ಎಲೆ ಎಣಿಸುತ್ತಾರೆ, ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ಹೊರಳಿ ನಿಲ್ಲುತ್ತಾರೆ. ಈಗ ಮನೆಮನೆಗೆ ಪಾಯಖಾನೆ ಬಂದು ಚರಿಗೆಗಳು ಮೂಲೆ ಸೇರಿವೆ. ಆದರೂ ಈ ಮರ್ಯಾದೆ ನಮ್ಮ ಕತ್ತಿನಲ್ಲಿ ಉಳಿದುಬಿಟ್ಟಿದೆ. ಚರಿಗೆ ಕಂಡರೆ ಕತ್ತು ತಾನೇ ತಿರುಗುತ್ತದೆ.

ನನ್ನ ಕತ್ತೂ ತಿರುಗಿತ್ತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ಮಕ್ಕಳಿಗೆ ವ್ಯಾಕರಣ ಕಲಿಸಿ ಅಳಿಸುತ್ತೇನೆ, ದೊಡ್ಡವರನ್ನು ಮೈಕಿನ ಮುಂದೆ ನಿಂತು ನಗಿಸುತ್ತೇನೆ. ಯಾರಾದರೂ ನಿವೃತ್ತರಾದರೆ, ಕಣ್ಣೊರೆಸಿಕೊಳ್ಳುವವರ ನಡುವೆ ಒಂದಿಷ್ಟು ಗಾಳಿ ಆಡಲಿ ಎಂದು ನನ್ನನ್ನು ಕರೆಯುತ್ತಾರೆ. ಒಂದು ಶಾಲು, ಒಂದು ಹಾರ, ಒಂದು ಪ್ಲೇಟು ಉಪ್ಪಿಟ್ಟು. ಐವತ್ತೆರಡು ವರ್ಷ ವಯಸ್ಸಿನಲ್ಲಿ ನನಗಿರುವ ಹೆಸರು ಇಷ್ಟೇ. ಇಷ್ಟಕ್ಕೇ ನಾನು ಕೆಡುವಷ್ಟು ಕೆಟ್ಟಿದ್ದೆ.

ಹೋದ ಎಳ್ಳಮಾಸಿಗೆ, ಅಂದರೆ ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲುವ ಎಳ್ಳ ಅಮಾವಾಸ್ಯೆಗೆ, ನನ್ನ ಶಾಲೆಯ ಗೆಳೆಯ ಶಂಕರೆಪ್ಪ ಮಮದಾಪುರಕ್ಕೆ ಕರೆದಿದ್ದ. ಅವನ ಜೋಳದ ಹೊಲ ಅಲ್ಲಿನ ಕಾಡಿಗೆ ಹತ್ತಿಕೊಂಡೇ ಇದೆ. ಆಕಾಶ ಮುಚ್ಚುವಂಥ ಕಾಡಲ್ಲ. ಬೇವು, ಬನ್ನಿ, ಕಮರ, ಜಾಲಿ, ನಡುನಡುವೆ ಮೊಣಕಾಲುದ್ದ ಹಳದಿ ಹುಲ್ಲು. ಆದರೆ ಒಳಗೆ ನೂರು ಹೆಜ್ಜೆ ಹೋದರೆ ಬಸ್ಸಿನ ಹಾರನ್ನು, ಊರಿನ ಮೈಕು ಎಲ್ಲ ಹಿಂದೆ ಉಳಿದು ನಮ್ಮ ಚಪ್ಪಲಿಯ ಸದ್ದೇ ನಮಗೆ ದೊಡ್ಡದಾಗಿ ಕೇಳತೊಡಗುತ್ತದೆ. ಹಬ್ಬದ ಮುಂಜಾನೆ ನಾನೊಬ್ಬನೇ ಅಲ್ಲಿ ತಿರುಗಾಡುತ್ತಿದ್ದೆ. ಖಾಕಿ ಅಂಗಿ ತೊಟ್ಟ ಒಬ್ಬ ಮುದುಕ ಎಡಗೈಯಲ್ಲಿ ಚರಿಗೆ ಹಿಡಿದು ಗಿಡಗಳ ನಡುವೆ ಸರಸರ ನಡೆದ. ನಾನು ಮರ್ಯಾದಸ್ಥನಂತೆ ಹೊರಳಿ ನಿಂತೆ. ಹತ್ತು ನಿಮಿಷಕ್ಕೆ ಅದೇ ಮುದುಕ, ಅದೇ ಚರಿಗೆ, ಮತ್ತೆ ತುಂಬಿಕೊಂಡು ಅದೇ ದಿಕ್ಕಿಗೆ ನಡೆದ. ಮತ್ತೆ ಹೊರಳಿದೆ. ಮೂರನೆಯ ಸಲ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ.

ಹೊಲದಲ್ಲಿ ಸಜ್ಜಿ ರೊಟ್ಟಿ ಮುರಿಯುತ್ತ ಶಂಕರೆಪ್ಪನಿಗೆ ಹೇಳಿದೆ. “ಅವಾ ನಮ್ಮ ಬುಡ್ಡೇಸಾಬಲೇ, ಅಡವಿ ಕಾಯೋ ವಾಚರ್” ಎಂದ ಅವನು. “ವಯಸ್ಸಾತು, ಹೊಟ್ಟಿ ಹಿಡತದಾಗ ಇರೂದಿಲ್ಲ.” ಇಬ್ಬರೂ ನಕ್ಕೆವು.

ಒಂದು ತಿಂಗಳ ಮೇಲೆ ಬಬಲೇಶ್ವರದಲ್ಲಿ ಒಬ್ಬ ಹೆಡ್‌ಮಾಸ್ತರರ ಬೀಳ್ಕೊಡುಗೆ. ಮೈಕು ಕೈಗೆ ಬಂತು. “ನಾವೆಲ್ಲ ವರ್ಷಕ್ಕ ಒಮ್ಮೆ ಎಳ್ಳಮಾಸಿಗೆ ಭೂಮ್ತಾಯಿಗೆ ಚರಗ ಚೆಲ್ಲತೀವಿ” ಎಂದೆ. “ಆದರ ಮಮದಾಪುರದ ಅಡವಿ ಯಾಕ ಅಷ್ಟು ಹಸರ ಐತಿ ಗೊತ್ತೇನ್ರಿ? ಅಲ್ಲಿ ಒಬ್ಬ ಖಾಕಿ ಅಂಗಿ ಸಾಹೇಬರು ದಿನಾ ಮೂರು ಚರಿಗಿ ಚೆಲ್ಲತಾರ!” ಪೆಂಡಾಲು ಬಿದ್ದುಬಿದ್ದು ನಕ್ಕಿತು. ನಾನು ಅವನ ನಡಿಗೆಯನ್ನೂ ಮಾಡಿ ತೋರಿಸಿದೆ. ಯಾರೋ ಮೊಬೈಲಿನಲ್ಲಿ ಹಿಡಿದರು. ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಆರಿಸುವ ಹೆಣ್ಣುಮಕ್ಕಳವರೆಗೂ ಅದು ಹೋಗಿ ಮುಟ್ಟಿತೆಂದು ಕೇಳಿ ನಾನು ಎರಡು ದಿನ ಎದೆ ಉಬ್ಬಿಸಿಕೊಂಡು ತಿರುಗಿದೆ.

ಮಾರ್ಚಿನಲ್ಲಿ ಶಂಕರೆಪ್ಪನ ಫೋನು ಬಂತು.

“ಏನ್ ಮಾತಾಡಿ ಹೋಗೀಲೇ ಮಾಸ್ತರಾ? ಬುಡ್ಡೇಸಾಬ ಚರಿಗಿ ಹಿಡಿಯೂದು ಬಿಟ್ಟಾನ.”

“ಗುಳಿಗಿ ಹತ್ತಿರಬೇಕು” ಎಂದೆ. ಹಳೆಯ ಚಟ.

“ನಗಬ್ಯಾಡ. ಸಸಿ ಒಣಗಾಕತ್ತಾವ.”

“ಯಾವ ಸಸಿ?”

“ಅವಾ ಸಸಿಗೆ ನೀರ ಹಾಕಾಕ ಹೋಗತಿದ್ದಲೇ. ನಿನ್ನೆ ಅವನ ಹೇಂತಿ ಅಬೇದಾ ಬಂದು ಹೇಳಿದಳು. ನಮಗೂ ಈಗ ಗೊತ್ತಾತು.”

ಬುಡ್ಡೇಸಾಬ ಯಾರೆಂದು ನಾನು ಮೈಕು ಹಿಡಿಯುವ ಮೊದಲೇ ಕೇಳಬೇಕಿತ್ತು. ಮಮದಾಪುರದಲ್ಲಿ ಬಸ್ಸು ಇಳಿದ ಮೇಲೆ ಶಂಕರೆಪ್ಪನನ್ನು ಕೇಳಿದೆ. ಅವನು ಮೂಲತಃ ಆಡು ಕಾಯುವವ. ಇಲ್ಲಿ ಗಿಡ ಹಚ್ಚಿದ ಹೊಸದರಲ್ಲಿ ಸಸಿಗಳಿಗೆ ಬಿಸಿಲಿಗಿಂತ ಬುಡ್ಡೇಸಾಬನ ಆಡುಗಳ ಭಯವೇ ಹೆಚ್ಚಿತ್ತಂತೆ. ಮೂರನೆಯ ಸಲ ಸಿಕ್ಕಿಬಿದ್ದಾಗ ಅರಣ್ಯ ಇಲಾಖೆಯ ಗಾರ್ಡು, “ನಿನ್ನ ಕಾಯಾಕ ಒಬ್ಬಾವನ್ನ ಇಡೂದಕ್ಕಿಂತ ನಿನ್ನ ಇಟ್ರ ಹಗುರ” ಎಂದು ಅವನನ್ನೇ ಕಾವಲಿಗೆ ಹಾಕಿದ. ಬುಡ್ಡೇಸಾಬ ಆಡುಗಳನ್ನು ಮಾರಿದ. ಇಪ್ಪತ್ತಾರು ವರ್ಷ ಅದೇ ಅಡವಿ. ನಾಲ್ಕು ವರ್ಷದ ಹಿಂದೆ ಬೇವಿನ ಟೊಂಗೆ ಮುರಿದು ಹೆಗಲ ಮೇಲೆ ಬಿದ್ದಾಗ ಬಲಗೈ ಹೋಯಿತು. ಎದೆಯ ಮಟ್ಟಕ್ಕಿಂತ ಮೇಲೆ ಬರುವುದಿಲ್ಲ, ಭಾರ ಎತ್ತುವುದಿಲ್ಲ. ಕಾಡಿನ ನಡುವೆ ಒಂದು ಗರಸಿನ ದಿಬ್ಬವಿದೆ. ಒಣ ಕಟ್ಟಿಗೆ ಆರಿಸುವ ಹೆಂಗಸರು ಹೊರೆ ಇಳಿಸಿ ಕೂಡುವುದು ಅಲ್ಲಿ, ಆದರೆ ಅಂಗೈಯಷ್ಟೂ ನೆರಳಿಲ್ಲ. ಆ ಕಲ್ಲುಗರಸಿನಲ್ಲಿ ಏನೂ ಹತ್ತುವುದಿಲ್ಲವೆಂದು ಎಲ್ಲರೂ ಕೈಬಿಟ್ಟ ಮೇಲೆ, ಮೂರು ವರ್ಷದ ಹಿಂದೆ, ಇವನು ತಾನೇ ಎಡಗೈಯಲ್ಲಿ ಕುಣಿ ತೋಡಿ ನಲವತ್ತು ಸಸಿ ಹಚ್ಚಿದ್ದ. ತಂತಿ ಬೇಲಿಯ ಬಳಿ ಟ್ಯಾಂಕರು ತುಂಬಿಸಿ ಹೋಗುವ ಬ್ಯಾರಲ್ಲಿನಿಂದ, ಎಡಗೈಗೆ ಎತ್ತಲು ಬರುವಷ್ಟು ನೀರು, ಅಂದರೆ ಒಂದು ಸಸಿಗೆ ದಿನ ಬಿಟ್ಟು ದಿನ ಒಂದು ಚರಿಗೆ. ನಾನು ಕಂಡದ್ದು ಮೂರು ಸಲ. ಅವನು ಹೋಗುತ್ತಿದ್ದದ್ದು ದಿನಕ್ಕೆ ಇಪ್ಪತ್ತು ಸಲ.

ಮೂರು ವರ್ಷ ಯಾರೂ ಕೇಳಲಿಲ್ಲ. ಕೈಯಲ್ಲಿ ಚರಿಗೆ ಇತ್ತಲ್ಲ, ಹೇಗೆ ಕೇಳುತ್ತಾರೆ?

ಅವನ ಮನೆ ಬಾಗಿಲಲ್ಲಿ ಅಬೇದಾ ನಿಂತಿದ್ದಳು. ಶಂಕರೆಪ್ಪ ನನ್ನನ್ನು ತೋರಿಸಿ, “ಇವರ ನೋಡವಾ ಆ ಮಾಸ್ತರ” ಎಂದು ಎರಡು ಹೆಜ್ಜೆ ಹಿಂದೆ ಸರಿದ. ಗೆಳೆಯನೆಂದರೆ ಅಂಥವನು.

“ಬರ್ರಿ ಸರ್” ಎಂದಳು ಅಬೇದಾ. ಕೂಡಿರಿ ಎನ್ನಲಿಲ್ಲ. ಹಿತ್ತಲಿಗೆ ಕರೆದೊಯ್ದು ಒಂದು ತಗಡಿನ ಬಾಗಿಲು ತೆರೆದಳು. “ನೋಡ್ರಿ.”

ನೋಡಿದೆ. ಬಿಳಿ ಪಾಯಖಾನೆ, ನೀಲಿ ಬಕೆಟ್ಟು, ಮೇಲೊಂದು ಮಗ್ಗು.

“ಈ ಓಣ್ಯಾಗ ಎಲ್ಲಾರಕ್ಕಿಂತ ಮೊದಲ ಕಟ್ಟಿಸಿದಾವರು ನಾವು. ಹತ್ತ ವರ್ಷ ಆತು. ಟೈಲ್ಸ್ ನೋಡ್ರಿ. ಒಳಗ ಹೋಗಿ ನೋಡ್ರಿ ಸರ್, ಯಾಕ ನಾಚಿಕೋತೀರಿ?”

“ಕಾಣಸತೈತ್ರಿ ಅಕ್ಕಾರ...”

“ಇದನ್ನೂ ಒಂದೀಟು ಹೇಳ್ರಿ ನಿಮ್ಮ ಭಾಷಣದಾಗ. ಖಾಕಿ ಸಾಹೇಬರ ಮನ್ಯಾಗ ಟೈಲ್ಸ್ ಹಾಕ್ಯಾರ ಅನ್ರಿ. ಮಂದಿ ನಗತಾರ, ಇಲ್ಲಾ?”

ನಾನು ಪಾಯಖಾನೆಯ ಮುಂದೆ ಕೈಮುಗಿದು ನಿಂತಿದ್ದೆ. ಗೋಡೆಯಾಚೆ ಯಾರೋ ಇಣುಕಿ ನೋಡಿ ತಲೆ ಒಳಗೆಳೆದುಕೊಂಡರು.

ಬುಡ್ಡೇಸಾಬ ಒಳಗಿನಿಂದ ಬಂದ. ನಾನು ಅಣಕಿಸಿದ ನಡಿಗೆ ಅದೇ. ಹತ್ತಿರದಿಂದ ನೋಡಿದರೆ ಅದು ನೋವಿನ ಹೆಗಲನ್ನು ಅಲುಗಿಸದೆ ನಡೆಯುವ ನಡಿಗೆ. “ಸಾಕು ಬಿಡಬೇ, ಮನಿಗೆ ಬಂದಾರ” ಎಂದು ಹೆಂಡತಿಯನ್ನು ಸುಮ್ಮನಿರಿಸಿ ನನಗೆ ಚಹಾ ಹೇಳಿದ. ಬೈದಿದ್ದರೆ ಬದುಕುತ್ತಿದ್ದೆ.

“ತಪ್ಪಾತ್ರಿ” ಎಂದೆ. “ಬಬಲೇಶ್ವರದಾಗ ಅದ ಜಾಗಾದಾಗ ನಿಂತು ಕ್ಷಮಾ ಕೇಳತೇನಿ.”

“ಯಪ್ಪಾ, ಬ್ಯಾಡ್ರಿ!” ಅವನು ನಿಜಕ್ಕೂ ಹೆದರಿದ. “ಉಳದಾವರಿಗೂ ಗೊತ್ತಾಕೈತಿ.”

“ಬ್ಯಾರೆ ಏನರ ಹಿಡಕೊಂಡು ಹೋಗಬಹುದಲ್ರಿ? ಬಾಟ್ಲಿ?”

“ಈಗ ಮಂದಿ ಬಾಟ್ಲೀನ ಒಯ್ಯೂದ್ರಿ ಅದಕ್ಕ” ಎಂದ. ಅಬೇದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಬುಡ್ಡೇಸಾಬ ಕಪ್ಪಿನಲ್ಲೇ ಕಣ್ಣಿಟ್ಟು ಹೇಳಿದ. “ನಕ್ಕರ ನಗಲಿ ಅಂದ್ನಿರಿ. ಗಂಡಸರು ‘ಮೂರ್ ಚರಿಗಿ’ ಅಂತ ಕರದ್ರೂ ಓ ಅಂದ್ನಿ. ಆದ್ರ ಕಟಗಿಗೆ ಬರೂ ಹೆಣ್ಮಕ್ಕಳ... ನಾ ಅವರನ್ನ ಸಣ್ಣವರಿದ್ದಾಗಿಂದ ನೋಡೀನಿ. ಮದಲೂ ಹೊರಳಿ ನಿಂದರತಿದ್ರೇನೋ, ನನಗ ಲಕ್ಷ್ಯ ಇರಲಿಲ್ಲ. ನೀವು ಹೇಳಿದ ಮ್ಯಾಲ ಕಾಣಾಕತ್ತು. ನಾ ಬಂದ್ನಿ ಅಂದ್ರ ಎಲ್ಲಾರೂ ನನಗ ಬೆನ್ನ. ಹೆಜ್ಜಿ ಏಳವಲ್ವು ನೋಡ್ರಿ.”

ಕಪ್ಪು ಕೆಳಗಿಟ್ಟೆ. ಎದ್ದು ಅಬೇದಾಳನ್ನು ಕೇಳಿದೆ, “ಚರಿಗಿ ಎಲ್ಲೈತ್ರಿ?”

ಬೆಳ್ಳಗಿನ ಪ್ಯಾಂಟು, ಇನ್‌ಶರ್ಟು, ಕೈಯಲ್ಲಿ ಚರಿಗೆ. ಹಾಡಹಗಲಲ್ಲಿ ಮಮದಾಪುರದ ಓಣಿ ಹಿಡಿದು ಹೊರಟೆ. ದೊಡ್ಡ ತ್ಯಾಗವೆಂದು ನನಗೇ ಅನ್ನಿಸಿತ್ತು. ಆದರೆ ಬಸ್‌ಸ್ಟ್ಯಾಂಡಿನ ಕಟ್ಟೆ ಕಾಣುತ್ತಲೇ ಕೈ ತಾನಾಗಿ ಚರಿಗೆಯನ್ನು ಬೆನ್ನ ಹಿಂದೆ ಒಯ್ದಿತು. ಕಟ್ಟೆಯ ಮೇಲಿನವರು ಒಟ್ಟಾಗಿ ಆಕಾಶ ನೋಡಿದರು. ಅಡವಿ ಮುಟ್ಟುವವರೆಗೆ ಹೀಗೇ. ಬ್ಯಾರಲ್ಲಿನಲ್ಲಿ ತುಂಬಿಕೊಂಡು ದಿಬ್ಬದ ಕಡೆ ನಡೆದರೆ ಕಟ್ಟಿಗೆ ಹೊರೆಯೊಂದಿಗೆ ನಾಲ್ವರು ಹೆಂಗಸರು ಎದುರಾದರು. ನಾಲ್ಕೂ ಬೆನ್ನು ಒಮ್ಮೆಗೇ ತಿರುಗಿದವು. ಬುಡ್ಡೇಸಾಬ ಹೇಳಿದ್ದು ಆಗ ಮೈಗೆ ಹತ್ತಿತು.

“ಸಸಿಗೆ ನೀರ್ರೀ! ಸಸಿಗೆ ಹಾಕಾಕ ಹೊಂಟೇನಿ!” ಎಂದು ಕೂಗಿದೆ.

“ಯಾರೂ ಕೇಳಿಲ್ಲೋ ಯಪ್ಪಾ, ಹೋಗಿ ಬಾ ಲಗೂನ!” ಎಂದಿತು ಒಂದು ಬೆನ್ನು.

ಉಳಿದ ಮೂರು ಬೆನ್ನು ನಗುವಿಗೆ ಕುಲುಕಿದವು. ನಾನು ದಿಬ್ಬದ ಅಂಚಿನ ಮೊದಲ ಸಸಿಗೆ ನೀರು ಸುರಿಯತೊಡಗಿದೆ.

ಹಿಂದಿನಿಂದ ಅಬೇದಾಳ ದನಿ ಬಂತು. “ರುಕ್ಮವ್ವಾ, ಹೊರಳವಾ. ಖರೇನ ನೀರದು.” ಬುಡ್ಡೇಸಾಬ, ಅಬೇದಾ, ಶಂಕರೆಪ್ಪ ಮೂವರೂ ಬಂದಿದ್ದರು.

ರುಕ್ಮವ್ವ ಹೊರಳಿದಳು. ನನ್ನನ್ನು ನೋಡಿದಳು, ಚರಿಗೆ ನೋಡಿದಳು, ನಾನು ನೀರು ಸುರಿಯುತ್ತಿದ್ದ ಬಾಡಿದ ಬೇವಿನ ಸಸಿ ನೋಡಿದಳು. ಹೊರೆ ಇಳಿಸಿ ಬುಡ್ಡೇಸಾಬನ ಕಡೆ ತಿರುಗಿದಳು. “ಕಾಕಾ, ನೀ ದಿನಾ ಇದಕ್ಕ ಬರತಿದ್ದಿ?”

“ಮತ್ತ?”

“ಬಾಯಿ ಬಿಟ್ಟ ಹೇಳೂದಲ್ಲೇನೋ!”

“ನೀವು ಹೊರಳಿ ನಿಂತಿರತಿದ್ರಿ. ಬೆನ್ನಿಗೆ ಏನಂತ ಹೇಳಲವಾ?”

ರುಕ್ಮವ್ವ ಕುಕ್ಕರುಗಾಲಲ್ಲಿ ಕೂತಳು. ಸಸಿಯ ಪಾತಿಯಲ್ಲಿ ಬಿದ್ದ ಕಲ್ಲುಗಳನ್ನು ಆರಿಸಿ ಆಚೆ ಎಸೆಯತೊಡಗಿದಳು. ನನ್ನ ನೀರು ಪಾತಿ ಒಡೆದು ಹೊರಗೆ ಹರಿಯುತ್ತಿತ್ತು.

“ತರ್ರಿಲ್ಲೆ, ನಿಮ್ಮಿಂದ ಆಗೂದಿಲ್ಲ” ಎಂದು ಬುಡ್ಡೇಸಾಬ ನನ್ನ ಕೈಯಿಂದ ಚರಿಗೆ ತೆಗೆದುಕೊಂಡ. ನಾಲ್ವರು ಹೆಂಗಸರ ಕಣ್ಣೆದುರೇ ಬ್ಯಾರಲ್ಲಿಗೆ ಹೋದ, ತುಂಬಿಕೊಂಡು ಬಂದ. ಯಾರೂ ಹೊರಳಲಿಲ್ಲ. ಮೊದಲ ಸಲ ಅವನ ಹೆಜ್ಜೆ ಸ್ವಲ್ಪ ತಡೆಯಿತು. ಎರಡನೆಯ ಸಲ ತಡೆಯಲಿಲ್ಲ.

ಪ್ರತಿ ಸಸಿಯ ಕಾಂಡವನ್ನೂ ಅವನು ಉಗುರಿನಿಂದ ಸ್ವಲ್ಪವೇ ಗೀರಿ ನೋಡುತ್ತಿದ್ದ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾಗಿದ್ದರೆ ಮುಗಿಯಿತು. ನಾನೂ ಬಗ್ಗಿ ನೋಡುತ್ತ ಹಿಂದೆ ಹಿಂದೆ ನಡೆದೆ. ಹಸಿರು, ಹಸಿರು, ಕಂದು. ಕಂದಾದವು ಆರು ಸಿಕ್ಕವು.

ಏಳನೆಯದು ಒಂದು ಕಮರ. ಗೀರಿದ. ಕಂದು. ಒಣಗಿ ಕಟ್ಟಿಗೆಯಾಗಿತ್ತು, ನನ್ನಂಥ ಪ್ಯಾಟಿ ಮಾಸ್ತರನಿಗೂ ಗೊತ್ತಾಗುವಷ್ಟು. ಬುಡ್ಡೇಸಾಬ ತಲೆಯೆತ್ತಿ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನು ಕಂಡನೋ. ಗೀರಿದ ಜಾಗದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಕೊಂಡ.

“ಇದು ಜೀವ ಹಿಡದೈತ್ರಿ” ಎಂದ. ಇಷ್ಟು ದೂರದಿಂದ ಎಡಗೈಯಲ್ಲಿ ಹೊತ್ತು ತಂದ ಚರಿಗೆ ನೀರನ್ನು ಪೂರ್ತಿ ಆ ಸತ್ತ ಸಸಿಗೆ ನಿಧಾನವಾಗಿ ಸುರಿದ.

ಅಬೇದಾ ಏನೋ ಹೇಳಲು ಬಾಯಿ ತೆರೆದಳು. ಅವನು ಕಣ್ಣಲ್ಲೇ ಬೇಡವೆಂದ.

“ಹೌದ್ರಿ, ಹಿಡದಂಗ ಕಾಣತೈತಿ” ಎಂದೆ ನಾನು, ನೆಲ ನೋಡುತ್ತ.