ಬಂಗಾಳದ ಜೆರ್ಸಿಯಲ್ಲಿ ನನ್ನ ಮಗ

ಆ ವರ್ಷ ವಿಶ್ವಕಪ್ ಫುಟ್‌ಬಾಲ್ ನಡೆಯುತ್ತಿದ್ದಾಗ ನಮ್ಮ ಮನೆಯ ಟಿವಿ ಆರಿದ್ದೇ ಕಡಿಮೆ. ಹದಿನಾರರ ಮಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. "ಅಮ್ಮಾ, ಇವನು ಹುಟ್ಟಿದ್ದು ಬೇರೆ ದೇಶದಲ್ಲಿ. ಇವನ ಅಮ್ಮ ಈ ಟೀಮಿನ ದೇಶದವಳು, ಅದಕ್ಕೇ ಇವರ ಟೀಮ್‌ಗೆ ಆಡ್ತಾನೆ." ಅಜ್ಜಿಯ ಕಡೆಯ ನಂಟು ಹಿಡಿದು ಆಡುವವರೂ ಇದ್ದಾರಂತೆ. ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಾನು ಮೈಸೂರಿನವಳು. ಗಂಡ ದೆಹಲಿಯಲ್ಲೇ ಬೆಳೆದ ಬಂಗಾಳಿ, ಮನೆಯಲ್ಲಿ ಅವರ ಬಾಯಿಂದ ಬರುವುದು ಹಿಂದಿ, ಇಂಗ್ಲಿಷ್ ಎರಡೇ. ಮಗನಿಗೆ ಕನ್ನಡ ಕಲಿಸಿದ್ದು ನನ್ನ ಹಟ. ಕುಡಿಯುವ ನೀರನ್ನೂ ಕನ್ನಡದಲ್ಲಿ ಕೇಳಿದರೆ ಮಾತ್ರ ಕೊಡುತ್ತಿದ್ದೆ.

ಚಳಿಗಾಲದಲ್ಲಿ ದೆಹಲಿಯ ದ್ವಾರಕಾದ ನಮ್ಮ ಸೆಕ್ಟರಿನ ಅಪಾರ್ಟ್‌ಮೆಂಟ್ ಸೊಸೈಟಿಗಳು ಸೇರಿ ಫುಟ್‌ಬಾಲ್ ಟೂರ್ನಮೆಂಟ್ ಇಟ್ಟುಕೊಂಡವು. ಒಂದೊಂದು ರಾಜ್ಯದವರದು ಒಂದೊಂದು ತಂಡ. ಕನ್ನಡದವರ ತಂಡ ಕಟ್ಟುತ್ತಿದ್ದವರು ನಮ್ಮ ಮೇಲಿನ ಮಹಡಿಯ ನಿವೃತ್ತ ಅಧಿಕಾರಿ. ಯುಗಾದಿ, ಗೌರಿಹಬ್ಬಕ್ಕೆ ಅವರ ಮನೆಯಲ್ಲಿ ಒಬ್ಬಟ್ಟು ಲಟ್ಟಿಸಿದವಳು ನಾನು. ಮಗ ಯಾವತ್ತಿನಿಂದ ಅಭ್ಯಾಸಕ್ಕೆ ಬರಬೇಕು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ತಪ್ಪು ತಿಳೀಬೇಡಮ್ಮ. ನೀನು ನಮ್ಮ ಮನೆ ಮಗಳೇ. ಆದ್ರೆ ಹುಡುಗ ಅವರಪ್ಪನ ಕಡೆಯವನಲ್ವಾ? ಕರ್ನಾಟಕದ ತಂಡ ಅಂದ್ಮೇಲೆ ತಂದೆ ನಮ್ಮವರಾಗಿರ್ಬೇಕು. ಎಲ್ಲರೂ ಸೇರಿ ಹಾಗೇ ತೀರ್ಮಾನ ಮಾಡಿದ್ದೀವಿ."

ನಾನು ಮೆಟ್ಟಿಲಿಳಿದು ಬಂದೆ. ಇಡೀ ಜಗತ್ತಿಗೆ ಅಜ್ಜಿ ಸಾಕು, ಇವರಿಗೆ ತಾಯಿಯೂ ಸಾಲದೇ? ಮಗನಿಗೆ ವಿಷಯ ತಿಳಿಸಿದೆ. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. "ಅಚ್ಛಾ" ಎಂದಷ್ಟೇ ಹೇಳಿ ಶೂ ಬಿಚ್ಚಿದ. ಅವನು ರೇಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಬಂಗಾಳಿಗಳೇ ಬಂದು ಅವನನ್ನು ಕರೆದುಕೊಂಡು ಹೋದರು. ಹೆಸರಿನ ಕೊನೆಯಲ್ಲಿ ಅವರಪ್ಪನ ಮನೆತನದ ಹೆಸರಿತ್ತಲ್ಲ, ಅವರಿಗೆ ಅಷ್ಟೇ ಸಾಕಾಯಿತು. ಬಂಗಾಳಿಯ ಒಂದಕ್ಷರ ಬಾರದ ಹುಡುಗ ಬಂಗಾಳದ ಜೆರ್ಸಿ ತೊಟ್ಟ.

ಮೊದಲ ಪಂದ್ಯವೇ ಕನ್ನಡದವರ ಮೇಲೆ. ನಾನು ಎಲ್ಲಿ ಕೂರಬೇಕೆಂದು ತಿಳಿಯದೆ, ಅಭ್ಯಾಸಬಲದಿಂದ ಕನ್ನಡದವರ ಸಾಲಿನಲ್ಲೇ ಕೂತೆ. ಮೇಲಿನ ಮಹಡಿಯ ಅಧಿಕಾರಿಗಳು ಗೆರೆಯ ಪಕ್ಕ ನಿಂತು ಸೂಚನೆಗಳನ್ನೆಲ್ಲ ಕನ್ನಡದಲ್ಲಿ ಕೂಗುತ್ತಿದ್ದರು, ಎದುರಾಳಿಗಳಿಗೆ ಗುಟ್ಟು ತಿಳಿಯಬಾರದೆಂದು. ಆ ಉಪಾಯಕ್ಕೆ ಅವರಿಗೇ ಹೆಮ್ಮೆ. ನಮ್ಮ ಹುಡುಗರೋ ಒಬ್ಬರನ್ನೊಬ್ಬರು ಕರೆಯುತ್ತಿದ್ದುದು ಹಿಂದಿಯಲ್ಲಿ.

ಯಾರೂ ಗೋಲು ಹೊಡೆದಿರಲಿಲ್ಲ. ಆಟ ಮುಗಿಯುತ್ತಾ ಬಂದಾಗ ಅಧಿಕಾರಿಗಳು ಗಂಟಲು ಹರಿಯುವಂತೆ ಕೂಗಿದರು: "ಹಿಂದಕ್ಕೆ ಕೊಡೋ! ಎಡಗಡೆ ನಿಂತಿರೋನಿಗೆ ಕೊಡು!"

ಚೆಂಡು ಹಿಡಿದಿದ್ದ ಹುಡುಗ ತಿರುಗಿ, "ಕ್ಯಾ, ಅಂಕಲ್?" ಎಂದ.

"ಪೀಛೇ! ಲೆಫ್ಟ್ ಮೇ!"

ಅವನು ಹಿಂದಕ್ಕೆ ಎಡಕ್ಕೆ ಕೊಡುವ ಹೊತ್ತಿಗೆ, ಮೊದಲ ಕೂಗಿಗೇ ಓಡಿದ್ದ ನನ್ನ ಮಗ ಅಲ್ಲಿ ಕಾದು ನಿಂತಿದ್ದ. ಚೆಂಡು ಕಸಿದು ಓಡಿದ. ಗೋಲ್! ನಾನು ಎದ್ದು ಚಪ್ಪಾಳೆ ತಟ್ಟಿಬಿಟ್ಟೆ. ನಮ್ಮ ಸಾಲಿನಲ್ಲಿ ತಟ್ಟಿದವಳು ನಾನೊಬ್ಬಳೇ.

ಪಂದ್ಯ ಮುಗಿದ ಮೇಲೆ ಅಧಿಕಾರಿಗಳು ನೇರ ನನ್ನ ಬಳಿ ಬಂದರು. ಮುಖ ಬಿಳಿಚಿಕೊಂಡಿತ್ತು. "ಅಲ್ಲಮ್ಮಾ, ಅವನಿಗೆ ಕನ್ನಡ ಬರುತ್ತಾ?"

ಅವನನ್ನು ತೊಟ್ಟಿಲಿನಿಂದ ಕಂಡವರು! ಅಷ್ಟು ವರ್ಷದಲ್ಲಿ "ಕೈಸೇ ಹೋ ಬೇಟಾ" ಎನ್ನುವುದನ್ನು ಬಿಟ್ಟು ಅವನೊಡನೆ ಅವರು ಬೇರೇನೂ ಆಡಿರಲಿಲ್ಲ ಎಂಬುದು ನನಗೂ ಆಗಲೇ ಹೊಳೆದದ್ದು.

ಮಗ ಬೆವರು ಒರೆಸಿಕೊಳ್ಳುತ್ತಾ ಬಂದ. ಅವರು ಅವನ ಹೆಗಲ ಮೇಲೆ ಕೈಯಿಟ್ಟು, "ಮುಂದಿನ ಸಲ ನಮ್ಮ ಟೀಮ್‌ಗೇ ಆಡಪ್ಪ, ನಾನು ಎಲ್ಲರಿಗೂ ಹೇಳ್ತೀನಿ" ಎಂದರು. ನನಗೆ ಗೆದ್ದಂತಾಯಿತು. ಹೂಂ ಅನ್ನು ಎಂದು ಅವನಿಗೆ ಕಣ್ಣಲ್ಲೇ ಹೇಳಿದೆ.

"ಬೇಡ ಅಂಕಲ್, ಬೇಜಾರು ಮಾಡ್ಕೋಬೇಡಿ," ಎಂದ ಅವನು, ನಾನು ಕಲಿಸಿದ ಸ್ವಚ್ಛ ಕನ್ನಡದಲ್ಲಿ. "ನಾನು ಬಂಗಾಳದವನು."