ಮನೆಯಲ್ಲೇ ಕಟ್ಟಿದ ವಿಮಾನಗಳಿಗೆ ಉಸಿರು ತುಂಬುವ ಶಿಳ್ಳೆ ಅಕ್ಕ

ಬೆಳಗಿನ ಐದೂಮುಕ್ಕಾಲು. ಹುಲ್ಲಿನ ಪುಟ್ಟ ರನ್‌ವೇ ಪಕ್ಕದ ತಗಡಿನ ಶೆಡ್ಡಿನಲ್ಲಿ ಐವತ್ತಾರರ ಹೆಂಗಸೊಬ್ಬರು ಕಣ್ಣು ಮುಚ್ಚಿ ನಿಂತಿದ್ದಾರೆ. ಎಡಗೈಯಲ್ಲಿ ದೊಡ್ಡ ಬಸವನಹುಳುವಿನ ಆಕಾರದ ಲೋಹದ ಯಂತ್ರ. ಬಲಗೈಯ ಎರಡು ಬೆರಳು ಅದರೊಳಗಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿವೆ. ಯಾರೋ ಕೆಮ್ಮುತ್ತಾರೆ. "ಸ್ವಲ್ಪ ಸುಮ್ನಿರಿ. ಗದ್ದಲದಲ್ಲಿ ಬೆರಳಿಗೆ ಕೇಳಿಸಲ್ಲ" ಎಂದು ಕಣ್ಣು ತೆರೆಯದೆಯೇ ಗದರುತ್ತಾರೆ.

ಸುತ್ತ ಮೂವರು ಉಸಿರು ಬಿಗಿಹಿಡಿದಿದ್ದಾರೆ. ಒಬ್ಬರು ವಿಮಾನ ಕಟ್ಟಿದ ಬೇಕರಿಯಣ್ಣ, ಇನ್ನೊಬ್ಬರು ಅವರ ಹೆಂಡತಿ, ಮೂರನೆಯವರು ಫೈಲು ಹಿಡಿದ ತಪಾಸಣಾಧಿಕಾರಿ. ಆ ಹೆಂಗಸಿನ ಕೈಯಲ್ಲಿರುವುದು ಇಂಜಿನ್ನಿಗೆ ಗಾಳಿ ನೂಕುವ ಟರ್ಬೊ, ಮುನ್ನೂರು ಗಂಟೆ ಹಾರಿ ಬಂದಿದೆ. ಒಳಗಿನ ಬೇರಿಂಗ್ ಸವೆದಿಲ್ಲವೆಂದು ಸಾಬೀತಾದರೆ ಬೇಕರಿಯಣ್ಣ ಇವತ್ತೇ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಬಹುದು. ಸವೆದಿದ್ದರೆ ಎಣಿಕೆ ಮತ್ತೆ ಒಂದರಿಂದ ಶುರು.

ಟರ್ಬೊ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಅದು ತಿರುಗುವಾಗ ಹೊರಡುವ ಶಿಳ್ಳೆಯಿಂದಲೇ ಹೇಳುವುದರಿಂದ ಇವರು ಎಲ್ಲರಿಗೂ ಶಿಳ್ಳೆ ಅಕ್ಕ. ಬೇಕರಿಯಣ್ಣ ಇವರನ್ನು ಅಕ್ಕ ಎನ್ನುತ್ತಾರೆ, ಇವರು ಅವರನ್ನು ಅಣ್ಣ ಎನ್ನುತ್ತಾರೆ. ಯಾರು ದೊಡ್ಡವರೆಂಬ ತಕರಾರು ಇಬ್ಬರಿಗೂ ಇಲ್ಲ.

ಇಲ್ಲಿ ವಿಮಾನ ಕಟ್ಟುವವರು ಕೋಟ್ಯಧೀಶರೇನಲ್ಲ. ಒಬ್ಬರು ದಂತವೈದ್ಯರು, ಇನ್ನೊಬ್ಬರು ಬಡಗಿ. ರಜೆಯ ದಿನಗಳಲ್ಲಿ ಹಿತ್ತಲಿನಲ್ಲಿ ರೆಕ್ಕೆ ಜೋಡಿಸುತ್ತಾರೆ. ಇಂಥವರಿಗೆ ರೋಟರಿ ಇಂಜಿನ್ ಎಂದರೆ ಪ್ರಾಣ. ಮೇಲೆ ಕೆಳಗೆ ಕುಣಿಯುವ ಪಿಸ್ಟನ್ ಅದಕ್ಕಿಲ್ಲ, ಮೂರು ಮೂಲೆಯ ತುಂಡೊಂದು ಒಳಗೆ ಸುತ್ತುತ್ತದೆ, ಅಷ್ಟೆ. ಎತ್ತರದಲ್ಲಿ ಗಾಳಿ ತೆಳುವಾದಾಗ ಅದಕ್ಕೆ ಉಸಿರು ತುಂಬುವುದು ಟರ್ಬೊ. ಇಂಜಿನ್ನಿನ ಹೊಗೆಯೇ ಅದರ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒಳಕ್ಕೆ ನೂಕುತ್ತದೆ. ನಿಮಿಷಕ್ಕೆ ಸುಮಾರು ಒಂದು ಲಕ್ಷ ಸುತ್ತು.

"ಇಂಜಿನ್ನೇನೋ ಒಳ್ಳೇದೇ. ಆದ್ರೆ ಉಸಿರು ಬಿಟ್ರೆ ಬೆಂಕಿ" ಎನ್ನುತ್ತಾರೆ ಅಕ್ಕ. "ಕಾರಲ್ಲಾದ್ರೆ ಸಿಗ್ನಲ್ಲು, ಇಳಿಜಾರು ಅಂತ ಟರ್ಬೊಗೆ ನಡುನಡುವೆ ಪುರುಸೊತ್ತು ಸಿಗುತ್ತೆ. ಮೇಲೆ ಹೋದ್ಮೇಲೆ ಯಾವ ಸಿಗ್ನಲ್ಲು?"

ಅಕ್ಕನ ಅಪ್ಪ ಲಾರಿ ಮೆಕ್ಯಾನಿಕ್. ಹನ್ನೊಂದನೇ ವಯಸ್ಸಿಗೇ ಮಗಳು ಸೀಮೆಎಣ್ಣೆಯಲ್ಲಿ ಟರ್ಬೊ ತೊಳೆಯಲು ಕೂತಳು. ಗಂಡ ಟೈಲರ್, ಈಗ ವಿಮಾನದ ಸೀಟುಗಳಿಗೆ ಹೊದಿಕೆ ಹೊಲಿಯುತ್ತಾರೆ. "ಮದುವೆ ಆದ ಹೊಸದ್ರಲ್ಲಿ ನಮ್ಮತ್ತೆ, ಏನು ಕೈಕೆಲಸ ಬರುತ್ತಮ್ಮ ಅಂತ ಕೇಳಿದ್ರು. ಟರ್ಬೊ ಬಿಚ್ಚಿ ಜೋಡಿಸ್ತೀನಿ ಅಂದೆ. ಪಾಪ, ಹೊಸ ಥರದ ಕಸೂತಿ ಇರ್ಬೇಕು ಅಂತ ಪಕ್ಕದ ಮನೆಗೆಲ್ಲ ಹೇಳ್ಕೊಂಡು ಬಂದ್ರು!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆದರೆ ನಾಲ್ಕು ವರ್ಷದ ಹಿಂದಿನ ಮಾತು ಬಂದಾಗ ನಗು ನಿಲ್ಲುತ್ತದೆ. ಬೇಕರಿಯಣ್ಣ ಒಂಬತ್ತು ವರ್ಷ ಬೆವರು ಸುರಿಸಿ ಕಟ್ಟಿದ ವಿಮಾನ, ಮೂವತ್ತೊಂದನೇ ಗಂಟೆಯ ಹಾರಾಟದಲ್ಲಿ ಆಕಾಶದಲ್ಲೇ ಬಲ ಕಳೆದುಕೊಂಡಿತು. ಟರ್ಬೊದ ಚಕ್ರ ತಿರುಗದಂತೆ ಕಚ್ಚಿಕೊಂಡಿತ್ತು. ಹೇಗೋ ತೇಲಿಸಿಕೊಂಡು ಬಂದು ಕೊಯ್ಲು ಮುಗಿದ ಹೊಲವೊಂದರಲ್ಲಿ ಇಳಿಸಿದರು. ವಿಮಾನದ ಚಕ್ರ ಮುರಿಯಿತು, ಅವರಿಗೆ ಒಂದು ಗೀರೂ ಆಗಲಿಲ್ಲ. ಮರುದಿನ ಬ್ರೆಡ್ಡಿನ ಟ್ರೇಯಲ್ಲಿ ಟರ್ಬೊ ಹೊತ್ತು ತಂದು ಅಕ್ಕನ ಮೇಜಿನ ಮೇಲಿಟ್ಟರು.

ಬಿಚ್ಚಿ ನೋಡಿದರೆ, ಬೇರಿಂಗಿಗೆ ಎಣ್ಣೆ ಹೋಗುವ ತೂತಿನಲ್ಲಿ ಎಳ್ಳುಕಾಳಿನಷ್ಟು ಅಂಟು. ಹಚ್ಚಿದವರು ಬೇರೆ ಯಾರೂ ಅಲ್ಲ, ಅಕ್ಕನೇ. ಕೊಳವೆಯ ಜೋಡಣೆಯಲ್ಲಿ ಒಂದು ಹನಿ ಎಣ್ಣೆ ಜಿನುಗುತ್ತಿದ್ದದ್ದನ್ನು ಸಹಿಸದೆ ಅಂಟು ಬಳಿದಿದ್ದರು. ಹೆಚ್ಚಾದ ಅಂಟು ಒಳಕ್ಕೆ ಹೋಗಿ ಗಟ್ಟಿಯಾಗಿತ್ತು. "ಬೆಂಕಿ ಇಂಜಿನ್ನು, ಶಾಖಕ್ಕೆ ಹೋಯ್ತು ಅಂದಿದ್ರೆ ಎಲ್ರೂ ನಂಬ್ತಿದ್ರು. ಆದ್ರೆ ನಂಗೆ ಗೊತ್ತಲ್ಲ!" ಆ ಚೂರನ್ನು ಚಿಮುಟದಲ್ಲಿ ಹಿಡಿದು, ಬಿಳಿ ಕಾಗದದ ಮೇಲಿಟ್ಟು, ತಾವೇ ತಪಾಸಣಾಧಿಕಾರಿಯ ಮುಂದೆ ಹೋಗಿ ನಿಂತರು. ತಪ್ಪೊಪ್ಪಿಗೆಗೆ ಸಿಕ್ಕಿದ್ದು ಒಂದು ಷರತ್ತು. ಅಕ್ಕ ಹೊಸದಾಗಿ ಜೋಡಿಸುವ ಟರ್ಬೊ ಮುನ್ನೂರು ಗಂಟೆ ಹಾರಿದ ಮೇಲೆ ಅದನ್ನು ಬಿಚ್ಚಿ ನೋಡುವವರೆಗೆ ಆ ವಿಮಾನದಲ್ಲಿ ಚಾಲಕನ ಹೊರತು ಯಾರೂ ಕೂರುವಂತಿಲ್ಲ.

"ಕೆಲಸ ಬಿಟ್ಟುಬಿಡ್ತೀನಿ ಅಂತ ಕೂತಿದ್ದೆ. ಈ ಅಣ್ಣ ಬಂದು, ಹಿಟ್ಟು ಉಬ್ಬಲಿಲ್ಲ ಅಂತ ಒಲೆ ಒಡೆಯೋಕಾಗುತ್ತಾ, ಇನ್ನೊಂದ್ಸಲ ಕಲಸೋಣ ಬನ್ನಿ ಅಂದ್ರು." ಅಂದಿನಿಂದ ಶೆಡ್ಡಿನೊಳಗೆ ಅಂಟಿಗೆ ಪ್ರವೇಶವಿಲ್ಲ. ಜೋಡಣೆಯ ಮುಖಗಳನ್ನು ದಪ್ಪ ಗಾಜಿನ ಮೇಲೆ ಹಾಸಿದ ನುಣುಪು ಉಜ್ಜುಕಾಗದದಲ್ಲಿ ಸಮ ಬರುವವರೆಗೆ ತಿಕ್ಕುತ್ತಾರೆ. ಒಂದು ಟರ್ಬೊಗೆ ನಾಲ್ಕು ದಿನ. ಇಲ್ಲಿನ ಹದಿನಾಲ್ಕು ವಿಮಾನಗಳಿಗೆ ಉಸಿರು ತುಂಬುತ್ತಿರುವುದು ಅವರ ಕೈಯೇ. ಇಳಿದ ವಿಮಾನದ ಮುಂದೆ ಅಂಗೈ ಎತ್ತಿ ನಿಲ್ಲುತ್ತಾರೆ. ಇಂಜಿನ್ ಮೂರು ನಿಮಿಷ ನಿಧಾನಕ್ಕೆ ಓಡಿ ಟರ್ಬೊ ತಣಿಯುವ ಮೊದಲೇ ಆರಿಸಿದರೆ, ಎಂಥ ದೊಡ್ಡವರಿಗೂ ಬೈಗುಳ ತಪ್ಪಿದ್ದಲ್ಲ.

ಈಗ ಅಕ್ಕ ಕಣ್ಣು ತೆರೆಯುತ್ತಾರೆ. ಟರ್ಬೊವನ್ನು ಅಧಿಕಾರಿಯ ಕೈಗಿಡುತ್ತಾರೆ. ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವ ಮನುಷ್ಯ ಅವರು. ಮಾಪಕ ಹಚ್ಚಿ ದಂಡವನ್ನು ಅಲುಗಿಸುತ್ತಾರೆ, "ಇನ್ನೊಂದ್ಸಲ" ಎನ್ನುತ್ತಾರೆ. ಮೂರನೇ ಸಲವೂ ಮುಳ್ಳು ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲ. ಎಣ್ಣೆಯ ದಾರಿಗೆ ದೀಪ ಹಿಡಿದು ನೋಡುತ್ತಾರೆ. ಕನ್ನಡಿಯಂತೆ ಸ್ವಚ್ಛ. "ಸಹಿ ಎಲ್ಲಿ ಹಾಕ್ಲಿ?" ಎಂದು ಕೇಳುವಾಗ ಅವರ ಮುಖದಲ್ಲೂ ನಗು. ಬೇಕರಿಯಣ್ಣ ಅಧಿಕಾರಿಯನ್ನೇ ತಬ್ಬಿಕೊಳ್ಳುತ್ತಾರೆ, ಹೆಂಡತಿ ಗಂಡನ ಬೆನ್ನ ಹಿಂದೆ ನಗುತ್ತಾ ನಿಂತಿರುತ್ತಾರೆ.

ಟರ್ಬೊ ಮತ್ತೆ ಜೋಡಿಸಿ, ಬೇಕರಿಯಣ್ಣ ಒಬ್ಬರೇ ಒಂದು ಸುತ್ತು ಹಾರಿ ಬರುವಷ್ಟರಲ್ಲಿ ಗಂಟೆ ಹತ್ತೂವರೆ. ಇಷ್ಟು ವರ್ಷ ನೆಲದಲ್ಲೇ ನಿಂತು ಕೈ ಬೀಸಿದ ಹೆಂಡತಿ ಈಗ ಸೀಟಿನ ಪಟ್ಟಿ ಬಿಗಿದುಕೊಂಡು ಅಕ್ಕನಿಗೆ ಕೈ ಬೀಸುತ್ತಾರೆ. ವಿಮಾನ ಮೇಲೇಳುತ್ತದೆ. ಇಪ್ಪತ್ತು ನಿಮಿಷ ಅಕ್ಕ ನಿಂತೇ ಇರುತ್ತಾರೆ. ಕಿವಿ ಮಾತ್ರ ಆಕಾಶದಲ್ಲಿದೆ.

ಇಳಿದು, ಮೂರು ನಿಮಿಷದ ಶಿಕ್ಷೆ ಮುಗಿಸಿ, ಬೇಕರಿಯಣ್ಣನ ಹೆಂಡತಿ ಓಡೋಡಿ ಬರುತ್ತಾರೆ. "ಅಕ್ಕ, ನಾನು ಒಣಗಹಾಕಿದ್ದ ಹಳದಿ ಬೆಡ್‌ಶೀಟು ಕಾಣಿಸ್ತು! ಪಕ್ಕದ ಮನೆ ನಾಯಿ ನಮ್ಮ ತಾರಸಿ ಮೇಲೆ ಆರಾಮಾಗಿ ಮಲಗಿದೆ! ಆ ನದಿ ನೋಡ್ಬೇಕಿತ್ತು ನೀವು, ಎಷ್ಟೊಂದು ಡೊಂಕು!" ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲದೆ ಎಲ್ಲ ಹೇಳಿ, ಇನ್ನೊಂದು ಸುತ್ತು ಹೋಗೋಣವೆಂದು ಗಂಡನ ತೋಳು ಹಿಡಿದೆಳೆಯುತ್ತಾರೆ.

ಇಷ್ಟು ವರ್ಷದ ದುಡಿಮೆಗೆ ಒಂದು ಸನ್ಮಾನವಾದರೂ ಬೇಡವೇ ಎಂದು ಕೇಳಿದರೆ, ಅಕ್ಕ ಕೈ ಒರೆಸಿಕೊಳ್ಳುತ್ತಾ ಬೇಕರಿಯಣ್ಣನ ಹೆಂಡತಿಯತ್ತ ಗಲ್ಲದಿಂದಲೇ ಸನ್ನೆ ಮಾಡುತ್ತಾರೆ.

"ಸನ್ಮಾನ ಈಗ ಆಯ್ತಲ್ಲ! ಬೆಡ್‌ಶೀಟು ಅಂದ್ರು, ನಾಯಿ ಅಂದ್ರು, ನದಿ ಅಂದ್ರು. ಟರ್ಬೊ ಅಂತ ಒಂದು ಮಾತಾದ್ರೂ ಬಂತಾ ಬಾಯಲ್ಲಿ?"